ದಿಬ್ಬದ ಕೇರಿಗೆ ಏಳನೇ ಸ್ಥಾನ

"ಮನೇಲಿ ಎಷ್ಟು ಜನ?"

"ಮೂವರು. ನಾನು, ಅಮ್ಮ, ಹಾಸಿಗೆ ಹಿಡಿದಿರೋ ಅಜ್ಜಿ."

"ಕುಡಿಯೋ ನೀರು?"

"ದಿಬ್ಬದ ಕೆಳಗಿನ ಬಾವಿ. ಐವತ್ತೆರಡು ಮೆಟ್ಲು ಹತ್ಬೇಕು."

"ಈ ಊರಲ್ಲಿ ಒಳ್ಳೇದು ಅಂದ್ರೆ ಎಂತ ಇದೆ?"

ವನಮಾಲಾ ನಗು ತಡೆದುಕೊಂಡಳು. "ಗಂಧ ಕೆತ್ತೋರ ಬೀದೀಲಿ ಬೆಳಿಗ್ಗೆ ಒಂದ್ಸಲ ನಡೀರಿ, ಗೊತ್ತಾಗುತ್ತೆ."

ಎಲ್ಲವನ್ನೂ ಬರೆದುಕೊಂಡು ಹೇರಂಬ ತಲೆಯೆತ್ತಿದ. "ನಿಮ್ಮ ಅರ್ಜಿ ಯಾವ ವಿಷಯಕ್ಕೆ?"

"ಅರ್ಜಿ ಅಲ್ಲ ಸರ್. ನಿಮ್ಮ ಸರ್ವೆ ಕೆಲಸಕ್ಕೆ ಕೊಟ್ಟಿರೋ ಟೈಪಿಸ್ಟ್ ನಾನೇ."

ಅವನ ಕಿವಿ ಕೆಂಪಾಯಿತು. ಸಾಗರದ ಪುರಸಭೆ ಕಚೇರಿಯ ಜಗಲಿಯಲ್ಲಿ, ೧೯೭೯ರ ಜನವರಿಯಲ್ಲಿ, ಅವರಿಬ್ಬರ ಪರಿಚಯ ಆದದ್ದು ಹೀಗೆ. ಅವನು ತೀರ್ಥಹಳ್ಳಿಯವನು, ನಗರ ಯೋಜನೆ ಇಲಾಖೆಯಲ್ಲಿ ಕೆಲಸ. ಆರು ವಾರದಲ್ಲಿ ಊರಿನ ಬಲವೇನು, ಕೊರತೆಯೇನು ಎಂದು ಮನೆಮನೆ ತಿರುಗಿ ತಿಳಿದು, ಯಾವ ಕೆಲಸ ಮೊದಲು ಆಗಬೇಕೆಂದು ಪಟ್ಟಿ ಕೊಡಬೇಕಿತ್ತು. ಆ ವರ್ಷ ಆಗುವುದು ಒಂದೇ ಕೇರಿಯ ಕೆಲಸ, ಉಳಿದವರು ಕಾಯಬೇಕು.

ಅವನು ಕೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಒಂದು ದಿನ ಅವನ ಟಿಪ್ಪಣಿ ಹಿಡಿದು, "ಸರ್, ಇದು ಅಕ್ಷರಾನಾ, ಇರುವೆ ಸಾಲಾ?" ಎಂದಳು.

"ಇರುವೆನೇ. ನಿಮ್ಮ ಹಿಂದೇನೇ ಹೋಗ್ತಾ ಇದಾವೆ ನೋಡಿ."

ಅವಳು ಫೈಲನ್ನು ಮುಖಕ್ಕೆ ಅಡ್ಡ ಹಿಡಿದಳು. ಫೈಲಿನ ಅಂಚಿನಿಂದ ಕಣ್ಣು ಮಾತ್ರ ಇಣುಕಿತು. ಅವನು ನೋಡುತ್ತಲೇ ಇದ್ದ.

ದಿಬ್ಬದ ಕೇರಿಯ ಸರದಿ ಬಂದ ದಿನ ಅವಳ ಅಮ್ಮ ವೆಂಕಮ್ಮ ಕೊಡ ಹೊತ್ತು ಮೇಲೆ ಬರುತ್ತಿದ್ದರು. ಅರ್ಧ ದಾರಿಯಲ್ಲಿ ಮಂಡಿಗೆ ಕೈಯೂರಿ ನಿಂತರು, ಮತ್ತೆ ಹತ್ತಿದರು. ಹೇರಂಬ ಓಡಿ ಹೋಗಿ ಕೊಡ ಇಸಿದುಕೊಂಡ. ಆಮೇಲೆ ಆ ದಿನವೆಲ್ಲ ಅವನು ಒಂದೂ ತಮಾಷೆ ಮಾಡಲಿಲ್ಲ.

ಫೆಬ್ರವರಿ ಕೊನೆಗೆ ಪಟ್ಟಿ ಟೈಪಿಂಗಿಗೆ ಬಂತು. ಮೊದಲ ಸಾಲು: ದಿಬ್ಬದ ಕೇರಿಗೆ ನಲ್ಲಿ ನೀರು.

ವನಮಾಲಾ ಹಾಳೆ ಹಿಡಿದು ಅವನ ಮೇಜಿನ ಮುಂದೆ ನಿಂತಳು. "ಸರ್, ಇದು ತಪ್ಪಾಗಿದೆ."

"ತಪ್ಪಲ್ಲ."

"ಕೆಳಪೇಟೆ ಬಾವೀಗೆ ಚರಂಡಿ ನೀರು ಇಳೀತಿದೆ. ಹೋದ ಮಳೆಗಾಲ ವಾಂತಿಭೇದಿಗೆ ಎರಡು ಕೂಸು ಹೋದ್ವು, ನಾನೇ ಬರ್ಕೊಂಡಿದ್ದು. ನಮ್ಮ ಬಾವಿ ದೂರ, ಆದ್ರೆ ನೀರು ಚೆನ್ನಾಗಿದೆ. ನಮ್ಮದು ಏಳನೇದು ಅಂತ ನೀವೇ ಹೇಳಿದ್ರಿ."

ಅವನು ತಲೆಯೆತ್ತಲಿಲ್ಲ. "ನಂಗೆ ರಾಯಚೂರಿಗೆ ವರ್ಗ ಆಗಿದೆ, ವನಮಾಲಾ. ಸೋಮವಾರ ಹೊರಡಬೇಕು. ನಿಮಗೆ ಅಂತ ಕೊಡೋಕೆ ನನ್ನ ಕೈಲಿ ಇರೋದು ಈ ಪಟ್ಟಿ ಒಂದೇ. ಎಂತ ಮಾಡ್ಲಿ ಹೇಳಿ?"

ಅವಳು ಹಾಳೆ ಹಿಡಿದೇ ಯಂತ್ರದ ಮುಂದೆ ಬಂದು ಕೂತಳು. ಸುಮ್ಮನೆ ಟೈಪ್ ಮಾಡಿದರೆ ಸಾಕು, ಬೇಸಿಗೆಯೊಳಗೆ ಮನೆ ಮುಂದೆ ನಲ್ಲಿ ಬರುತ್ತದೆ. ಅಮ್ಮನ ಮಂಡಿ ನೆನಪಾಯಿತು. ಕೂಸಿನ ಹೆಸರು ಹೇಳುವಾಗ ಕೆಳಪೇಟೆಯ ತಾಯಿ ಸೆರಗು ಕಚ್ಚಿ ಹಿಡಿದದ್ದೂ ನೆನಪಾಯಿತು. ಮಧ್ಯಾಹ್ನದವರೆಗೆ ಅವಳ ಬೆರಳು ಆಡಲಿಲ್ಲ.

ಕೊನೆಗೆ ಮೊದಲ ಸಾಲಿನಲ್ಲಿ ಕೆಳಪೇಟೆ ಎಂದು ಟೈಪ್ ಮಾಡಿದಳು. ಏಳನೇ ಸಾಲಿಗೆ ಬರುವಾಗ ಅಕ್ಷರಗಳೆಲ್ಲ ಮಂಜಾಗಿದ್ದವು.

ಹೇರಂಬ ಓದಿದ. ಏಳನೇ ಸಾಲಿನ ಮೇಲೆ ಅವನ ಬೆರಳು ತುಂಬ ಹೊತ್ತು ನಿಂತಿತು. ಆಮೇಲೆ ಸಹಿ ಹಾಕಿದ.

ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸಿನ ಕಿಟಕಿಯ ಪಕ್ಕ ಅವನು ಕೂತಿದ್ದ. ಅವಳು ಏದುಸಿರು ಬಿಡುತ್ತ ಬಂದು ಕೆಳಗೆ ನಿಂತಳು.

"ವರ್ಗ ತಪ್ಪಿಸಿಕೊಳ್ಳೋಕೆ ನನ್ನಿಂದ ಆಗ್ಲಿಲ್ಲ, ನಿಮ್ಮ ಕೇರಿಗೆ ನೀರು ತರೋಕೂ ಆಗ್ಲಿಲ್ಲ," ಎಂದ ಹೇರಂಬ. "ಮದುವೆ ಆಗ್ತೀರಾ ಅಂತ ಕೇಳೋಕಾದ್ರೂ ಆಗುತ್ತಲ್ಲ?"

"ಅಜ್ಜೀನ ರಾಯಚೂರಿಗೆ ಹೊತ್ಕೊಂಡು ಹೋಗೋಕಾಗಲ್ಲ. ಅಮ್ಮ ಒಬ್ರಿಗೇ ಅವರನ್ನ ಬಿಟ್ಟು ನಾನೂ ಬರೋಕಾಗಲ್ಲ."

"ಗೊತ್ತು. ನಾನು ಕೇಳಿದ್ದು ಅದಲ್ಲ."

ಅವಳು ಕಿಟಕಿಯ ಹತ್ತಿರಕ್ಕೆ ಸರಿದಳು. "ಹೂಂ. ಆದ್ರೆ ಯಾವಾಗ ಅಂತ ಮಾತ್ರ ಕೇಳ್ಬೇಡಿ."

ಅವನು ಕೇಳಲಿಲ್ಲ. ಕಿಟಕಿಯ ಸರಳು ಹಿಡಿದಿದ್ದ ಅವನ ಕೈ ಮೇಲೆ ಅವಳು ತನ್ನ ಕೈ ಇಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೇ ಇದ್ದರು, ನೋಡುತ್ತಿದ್ದರು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಬಸ್ ಹೊರಟು ತಾನಾಗಿ ಬಿಡಿಸುವವರೆಗೆ ಅವಳು ಕೈ ತೆಗೆಯಲಿಲ್ಲ.