ಡ್ರಮ್ಮರ್ ಕಾಣದ ಚೌಕಟ್ಟು

ಚೌಕಟ್ಟೆಂದರೆ ಚಿತ್ರಗಾರ್ತಿಗೆ ಅಲರ್ಜಿ. ಚಿತ್ರಕ್ಕೆ ಇಸ್ತ್ರಿ ಮಾಡಿದ ಕಾಲರ್ ತೊಡಿಸಿದ ಹಾಗಿರುತ್ತದೆ ಎನ್ನುತ್ತಿದ್ದಳು. ಆದರೂ ಫ್ರೇಮ್ ಅಂಗಡಿಯವನ ಮೆಟ್ಟಿಲು ಹತ್ತಿ ಬಂದಿದ್ದಳು. ಫ್ರೇಮ್ ಇಲ್ಲದ್ದನ್ನು ಗೋಡೆಗೆ ಹಾಕುವುದಿಲ್ಲವೆಂದು ಗ್ಯಾಲರಿಯವರು ಹಟ ಹಿಡಿದಿದ್ದರು.

ಅವಳ ತಲೆ ಒಂದು ಕಡೆ ಬೋಳು, ಇನ್ನೊಂದು ಕಡೆ ಹಸಿರು ಕೂದಲು. ಜಾಕೆಟ್ಟಿನ ಹರಿದ ತೋಳಿಗೆ ಸಾಲುಸಾಲು ಸೇಫ್ಟಿ ಪಿನ್ನು. ಕೂದಲನ್ನು ತಾನೇ ಕತ್ತರಿಸಿಕೊಂಡಿದ್ದಳು, ಜಾಕೆಟ್ಟನ್ನು ತಾನೇ ಹೊಲಿದುಕೊಂಡಿದ್ದಳು, ಗೆಳೆಯರ ಪಂಕ್ ಬ್ಯಾಂಡಿಗೆ ಪೋಸ್ಟರನ್ನೂ ತಾನೇ ಅಚ್ಚು ಹಾಕುತ್ತಿದ್ದಳು. ಇಂಥವಳಿಗೆ ಇನ್ನೊಬ್ಬರಿಂದ ಏನು ಬೇಕಾದೀತು ಎಂದು ಅವನು ಮೊದಲ ದಿನವೇ ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು, ಆಮೇಲೆ ಬೇರೇನೂ ತಲೆಗೆ ಹೋಗಲಿಲ್ಲ.

ಮರ ಆರಿಸುವ ನೆಪದಲ್ಲಿ ಅವಳು ಸಂಜೆಸಂಜೆ ಬಂದಳು. ಅವನ ಕೆಲಸದ ಮೇಜಿನ ಮೇಲೆಯೇ ಹತ್ತಿ ಕೂತು, ಕಾಲು ಆಡಿಸುತ್ತ, ಓರೆಗಣ್ಣಲ್ಲಿ ನೋಡುತ್ತಿದ್ದಳು.

"ಇಷ್ಟು ನೇರವಾಗಿ ಕತ್ತರಿಸಿ ಕತ್ತರಿಸಿ ಬೇಜಾರಾಗಲ್ವಾ ನಿಮಗೆ?"

"ಅಷ್ಟು ಸೊಟ್ಟಗೆ ಕತ್ತರಿಸಿ ನಿಮಗೆ ಆಗಲ್ವಲ್ಲ," ಎಂದ ಅವನು, ಅವಳ ಕೂದಲು ನೋಡುತ್ತ.

ಅವಳು ತುಟಿ ಕಚ್ಚಿ ನಗು ತಡೆದಳು. ಗಲ್ಲಾದಲ್ಲಿ ಕೂತ ಅವನ ಅಕ್ಕ ಸುಮ್ಮಸುಮ್ಮನೆ ಕೆಮ್ಮಿದಳು.

ಕೊನೆಗೆ ಚಿತ್ರ ಬಂತು. ಹಳೇ ಪೋಸ್ಟರುಗಳ ಬೆನ್ನು ಜೋಡಿಸಿ ಅಂಟಿಸಿ, ಅದರ ಮೇಲೆ ಬ್ಯಾಂಡನ್ನು ಬರೆದಿದ್ದಳು. ಹಾಡುವವಳು, ಗಿಟಾರಿನವನು ಎಲ್ಲರನ್ನೂ ಸ್ಟೆನ್ಸಿಲ್ ಅಚ್ಚು ಇಟ್ಟು ಸ್ಪ್ರೇ ಹೊಡೆದು ಮೂಡಿಸಿದ್ದಳು. ಬಲತುದಿಯ ಡ್ರಮ್ಮರ್ ಒಬ್ಬನಿಗೆ ಮಾತ್ರ ಕುಂಚ. ಕುತ್ತಿಗೆಯ ಬೆವರು, ಬೆರಳಿನ ಗಂಟು, ಗದ್ದದ ಮೇಲಿನ ಮಚ್ಚೆ, ಒಂದನ್ನೂ ಬಿಟ್ಟಿರಲಿಲ್ಲ. ಆ ಮಚ್ಚೆ ಕಾಣಬೇಕಾದರೆ ಎಷ್ಟು ಹತ್ತಿರ ಹೋಗಿರಬೇಕು? ಫ್ರೇಮ್‌ನವನ ಹೊಟ್ಟೆಗೆ ಬೆಂಕಿ ಬಿತ್ತು.

ಚಿತ್ರದ ಸುತ್ತ ಬಿಳಿ ರಟ್ಟಿನ ಮೌಂಟು ಕೂರಿಸುವುದು ವಾಡಿಕೆ. ಆ ಕೆಲಸದಲ್ಲಿ ಅವನ ಕೈ ಎಂದೂ ತಪ್ಪಿದ್ದಲ್ಲ. ಆ ದಿನ ಮಾತ್ರ ಬಲಗಡೆಗೆ ರಟ್ಟನ್ನು ಬೇಕೆಂದೇ ಅಗಲ ಬಿಟ್ಟ. ಡ್ರಮ್ಮರ್ ಮಚ್ಚೆಯ ಸಮೇತ ಅದರಡಿ ಮಾಯವಾದ. ಕೋಲಿನ ತುದಿಯೊಂದು ಇಣುಕುತ್ತಿತ್ತು. ರಟ್ಟನ್ನು ಇನ್ನಷ್ಟು ಒಳಗೆ ಸರಿಸಿ, ಗಾಜು ಹಾಕಿ ನೇರ ಗ್ಯಾಲರಿಗೆ ಕಳಿಸಿದ. ಬಹಳ ದಿನಗಳ ಮೇಲೆ ಅವನಿಗೆ ಸೊಗಸಾದ ನಿದ್ದೆ ಬಂತು.

ಪ್ರದರ್ಶನದ ಬೆಳಿಗ್ಗೆ ಗ್ಯಾಲರಿಯಿಂದ ಅವಳ ಫೋನು. ಹೋದರೆ, ಚಿತ್ರದ ಮುಂದೆ ಕೈಕಟ್ಟಿ ನಿಂತಿದ್ದಳು.

"ಇಲ್ಲೊಬ್ಬ ಇದ್ದ. ಏನಾದ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ರಟ್ಟು ಬರುವುದೇ ಆ ಅಳತೆಯಲ್ಲಿ, ಅಂಚಿಗೆ ಧೂಳು ಕೂರುತ್ತದೆ ಎಂದೆಲ್ಲ ತೊದಲಿದ.

"ಸುಳ್ಳು ಹೇಳ್ಬೇಡ," ಎಂದಳು. ಬೈಯುವಾಗಲಾದರೂ ಏಕವಚನಕ್ಕೆ ಇಳಿದಳಲ್ಲ ಎಂದು ಆ ಪೆದ್ದನ ಎದೆ ಕುಣಿಯಿತು.

"ಅವನೊಬ್ಬನಿಗೇ ಯಾಕೆ ಕುಂಚ?" ಎಂದು ಕೇಳಿಯೇಬಿಟ್ಟ.

"ಆಗ ಅವನ ಮೇಲೆ ಮನಸ್ಸಿತ್ತು, ಅದಕ್ಕೆ. ಈಗಿಲ್ಲ. ಇಲ್ಲ ಅಂತ ನಾನೇ ಅಳಿಸಿಲ್ಲ, ಮುಚ್ಚೋಕೆ ನೀನ್ಯಾರು?"

ಇದಕ್ಕೆ ನಿಜವಾದ ಉತ್ತರ ಕೊಡದಿದ್ದರೆ ಅವಳು ಇನ್ನೆಂದೂ ಅಂಗಡಿಗೆ ಬರುವುದಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

"ನನಗೆ ನಿಮ್ಮ ಮೇಲೆ ಮನಸ್ಸು," ಎಂದ. "ಆ ಮಚ್ಚೆ ನೋಡಿ ತಡ್ಕೊಳ್ಳೋಕಾಗ್ಲಿಲ್ಲ."

ಅವಳು ಗಾಜಿನ ಮೇಲೆ, ಡ್ರಮ್ಮರ್ ಇರಬೇಕಾದ ಕಡೆ, ಬೆರಳಿನಿಂದ ಕುಟ್ಟಿದಳು. "ಹೊಟ್ಟೆಕಿಚ್ಚು ಬಂದ್ರೆ ನನ್ನ ಮೇಲೆ ತೀರಿಸ್ಕೋ, ನನ್ನ ಚಿತ್ರದ ಮೇಲಲ್ಲ."

ಅವನು ತಾನೇ ತಿರುಪು ಬಿಚ್ಚಿ, ಗಾಜು ತೆಗೆದು, ರಟ್ಟು ಎತ್ತಿದ. ಡ್ರಮ್ಮರ್ ಬೆವರುತ್ತ ಹೊರಬಂದ. ಎಷ್ಟು ಚೆನ್ನಾಗಿ ಬರೆದಿದ್ದಾಳೆಂದು ಒಪ್ಪಲೇಬೇಕಾಯಿತು, ಒಪ್ಪಿದಷ್ಟೂ ಉರಿಯಿತು.

ಇದು ಚೌಕಟ್ಟಿಲ್ಲದೆ ಹೀಗೇ ಇರುತ್ತದೆ, ಬೇಡವೆಂದರೆ ಮನೆಗೆ ಒಯ್ಯುತ್ತೇನೆ ಎಂದು ಗ್ಯಾಲರಿಯವರಿಗೆ ಹೇಳಿ, ಚೀಲದಿಂದ ಅವಳು ಸುತ್ತಿಗೆ ತೆಗೆದಳು. ಈವರೆಗೆ ಪ್ರತಿಯೊಂದು ಮೊಳೆಯನ್ನೂ ಒಬ್ಬಳೇ ಹೊಡೆದವಳು.

"ಹಿಡ್ಕೋ," ಎಂದಳು.

ಬರೀ ಚಿತ್ರವನ್ನು ಗೋಡೆಗೆ ಒತ್ತಿ, ಡ್ರಮ್ಮರ್ ಪಕ್ಕದ ಮೂಲೆಯಲ್ಲಿ ಅವನು ಮೊಳೆ ಹಿಡಿದ. ಅವಳು ಸುತ್ತಿಗೆ ಎತ್ತಿ, ಮೊಳೆ ಬಿಟ್ಟು ಅವನ ಕಣ್ಣನ್ನೇ ನೋಡುತ್ತಿದ್ದಳು.

"ಮೊಳೆ ನೋಡಿ ಹೊಡಿ," ಎಂದ.

"ಭಯಾನಾ?"

"ಹೂಂ."

"ಕೈ ತೆಗೀತೀಯಾ?"

"ಇಲ್ಲ."

ಪೆಟ್ಟು ಮೊಳೆಗೇ ಬಿತ್ತು. ಮುಂದಿನ ಮೂಲೆಗೆ ಹೋಗುವಾಗ ಅವಳು ಅವನ ಬೆರಳು ಹಿಡಿದವಳು ಬಿಡಲಿಲ್ಲ.