ಐದು ಬರಲೇ ಇಲ್ಲ

“ಐದು ಬಂತೇನ?” ಅಪ್ಪ ಕೂಗಿದ.

“ಇಲ್ಲ ಅಪ್ಪಾ!” ಕಾರಿನ ಕೆಳಗಿನಿಂದ ಶೇವಂತಾ ಕೂಗಿದಳು.

“ಸೂರ್ಯಕಾಂತ, ಇನ್ನೊಂದು ಸುತ್ತು ತಿರುವು.”

ಸೂರ್ಯಕಾಂತ ಮಾಮಾ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಇಂಜಿನ್ ತಿರುಗಿಸುವ ಹ್ಯಾಂಡಲ್ ತಿರುವಿದ. ಅವನು ಆಗಲೇ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ.

ಇಂದು ಸಂಜೆ ಕಮಲಾಪುರದಲ್ಲಿ ಮಾನಮ್ಮಕ್ಕನ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ತೊಟ್ಟಿಲು ತವರಿನಿಂದಲೇ ಹೋಗಬೇಕು. ಅವ್ವ ನಿನ್ನೆ ಬಸ್ಸಿಗೆ ಹೊರಟಾಗ ತೊಟ್ಟಿಲನ್ನೂ ಒಯ್ಯುತ್ತೇನೆ ಅಂದಿದ್ದಳು. “ನಮ್ಮ ಕಾರಿನಾಗ ಠೀವಿಯಿಂದ ಬರ್ತದ ಬಿಡು” ಅಂತ ಅಪ್ಪನೇ ಜಂಬ ಕೊಚ್ಚಿದ್ದ. ಈಗ ತೊಟ್ಟಿಲು ಬ್ರಹ್ಮಪುರದ ಮನೆಯ ಕಟ್ಟೆಯ ಮೇಲಿತ್ತು. ಹಳೇ ಕಾರು ಅಂಗಳದಲ್ಲಿ ಕೆಟ್ಟು ನಿಂತಿತ್ತು.

“ಟೈಮಿಂಗ್ ತಪ್ಪೇದ. ಕಿಡಿ ಹೊತ್ತಿಗೆ ಸರಿಯಾಗಿ ಹಾರಬೇಕು, ಅಂದ್ರ ಇಂಜಿನ್ ನಡೀತದ” ಅಂದಿದ್ದ ಅಪ್ಪ. ಇಂಜಿನ್ನಿನ ಮುಂದಿನ ಚಕ್ರದ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದರು. ಐದು ಚಕ್ರದ ಪಕ್ಕದ ಕಬ್ಬಿಣದ ಮುಳ್ಳಿನ ಎದುರು ಬಂದಾಗ ಹ್ಯಾಂಡಲ್ ನಿಲ್ಲಿಸಬೇಕು. ಆಮೇಲೆ ಅಪ್ಪ ಕಿಡಿ ಹಂಚುವ ಮೇಲಿನ ಡಿಸ್ಟ್ರಿಬ್ಯೂಟರನ್ನು, ಅದರ ತಂತಿಗೆ ಕಟ್ಟಿದ ಪುಟ್ಟ ಬಲ್ಬ್ ಹತ್ತುವವರೆಗೆ ತಿರುಗಿಸಿ ಬಿಗಿ ಮಾಡಬೇಕು. ಚಕ್ರ ಕಾಣುವುದು ಕೆಳಗಿನ ಸಂದಿಯಿಂದ ಮಾತ್ರ. ಅಪ್ಪನ ಹೊಟ್ಟೆ ಅಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಶೇವಂತಾ ಅಂಗಾತ ಮಲಗಿದ್ದಳು.

“ಈಗ ಬಂತೇನ?”

“ಇಲ್ಲ. ಒಂದು ಗೀಟು, ಒಂದು ಚುಕ್ಕಿ ಬಂತು. ಆಮ್ಯಾಲ ಸೊನ್ನಿ ಬಂತು. ಮತ್ತ ಬರೇ ಚುಕ್ಕಿ.”

“ಸೊನ್ನಿ ಯಾರು ಕೇಳ್ಯಾರ ನಿನಗ? ಐದು ನೋಡಂದ್ರ ಏನೇನೋ ನೋಡ್ತಿ! ನಿದ್ದಿ ಹತ್ತೇದೇನು?”

“ಐದು ಇಲ್ಲೇ ಇಲ್ಲ ಅಪ್ಪಾ!”

“ಅದ! ಹೋದ ವರ್ಷ ಇಂಜಿನ್ ಇಳಿಸಿದಾಗ ನಾನೇ ನೋಡೀನಿ!”

“ಭಾವಾ, ನನ್ನ ತೋಳು ಬಿದ್ದು ಹೋಗ್ತಾವ” ಅಂದ ಮಾಮಾ.

ಶೇವಂತಾಳಿಗೆ ಅಳು ನುಗ್ಗಿ ಬಂತು. ಕಣ್ಣಿಗೆ ಮಣ್ಣು ಬಿದ್ದಿತ್ತು, ಉಟ್ಟಿದ್ದ ಹೊಸ ಪರಕಾರಕ್ಕೆ ಎಣ್ಣೆ ಹತ್ತಿತ್ತು, ಮೇಲೆ ಬೈಗುಳ ಬೇರೆ. ಆಕೆ ಸರ್ರನೆ ಹೊರಗೆ ಬಂದಳು.

“ನಾ ಶಾಣ್ಯಾಕಿ ಇದ್ದೀನಿ. ಲೆಕ್ಕದಾಗ ನಾನೇ ಫಸ್ಟ್! ನನಗ ಐದು ಗೊತ್ತಾಗೂದಿಲ್ಲೇನು?”

“ಗೊತ್ತಿದ್ರ ಬರದು ತೋರಸು!” ಅಪ್ಪ ರೇಗಿದ.

ಶೇವಂತಾ ಸಿಟ್ಟಿನಿಂದ ಮಣ್ಣಿನಲ್ಲಿ ದೊಡ್ಡದಾಗಿ ೫ ಅಂತ ಬರೆದಳು.

ಅಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

“ಇದು ಐದೇನು?” ಅಂತ ಮೆಲ್ಲಗೆ ಕೇಳಿದ. ಆಮೇಲೆ ಅದರ ಪಕ್ಕದಲ್ಲಿ ತಾನೊಂದು ಅಂಕಿ ಬರೆದ. ತಳದಲ್ಲಿ ತುಸು ಒತ್ತಿದಂಥ ಗುಂಡು. “ನಮ್ಮದು ಇದು.”

“ಇದು ಸೊನ್ನಿ ಅಲ್ಲೇನು?”

“ಉರ್ದು ಐದವ್ವಾ. ಉರ್ದು ಸೊನ್ನಿ ಅಂದ್ರ ಬರೇ ಚುಕ್ಕಿ.”

ಮಾಮಾ ಹ್ಯಾಂಡಲ್ ಬಿಟ್ಟು ನೆಲದ ಮೇಲೆ ಕೂತೇಬಿಟ್ಟ. “ಅಯ್ಯ ದೇವರೇ! ಆ ಐದು ಬೆಳಗಿನಿಂದ ಬಂದು ಬಂದು ಹೋಗ್ಯಾದ!”

ಶೇವಂತಾ ಮತ್ತೆ ಕೆಳಗೆ ತೂರಿದಳು. “ಬಂತು ಮಾಮಾ, ನಿಲ್ಲು!” ಮೇಲೆ ಬಲ್ಬ್ ಹತ್ತಿತು. ಅಪ್ಪ ನಟ್ಟು ಬಿಗಿದ. ಕಾರು ಕೆಮ್ಮಿತು, ಸೀನಿತು, ಕೊನೆಗೆ ಶುರುವಾಯಿತು.

ಮಾಮಾ ತೊಟ್ಟಿಲನ್ನು ಕಾರಿನ ಮೇಲೆ ಕಟ್ಟುತ್ತಿದ್ದ. ಅಪ್ಪ ಕೈ ಒರೆಸಿಕೊಳ್ಳುತ್ತಾ ಮಣ್ಣಿನಲ್ಲಿದ್ದ ಆ ಎರಡು ಐದುಗಳನ್ನೇ ನೋಡುತ್ತಿದ್ದ. ಅಪ್ಪ ಕಲಿಯುವಾಗ ಶಾಲೆ ಪೂರಾ ಉರ್ದು. ಪೊಲೀಸ್ ಆಕ್ಷನ್ ಆಗಿ ಹಳೇ ಆಳ್ವಿಕೆ ಹೋದ ಮೇಲೆ ಶೇವಂತಾ ಸೇರಿದ್ದು ಕನ್ನಡ ಶಾಲೆಗೆ.

ಆಕೆಗೆ ತನ್ನ ಪಾಟಿ ನೆನಪಾಯಿತು. ಲೆಕ್ಕ ಮಾಡಿ ತೋರಿಸಿದಾಗಲೆಲ್ಲ ಅಪ್ಪ ಒಂದು ಕ್ಷಣ ಹಿಡಿದು, “ಛಲೋ ಅದ ಬಿಡು” ಅಂತ ಕೊಟ್ಟುಬಿಡುತ್ತಿದ್ದ. ತಪ್ಪಿದ್ದರೂ ಛಲೋ ಅದ. ಅಪ್ಪನಿಗೆ ತನ್ನ ಲೆಕ್ಕ ನೋಡಲು ಪುರುಸೊತ್ತಿಲ್ಲ ಅಂತ ಶೇವಂತಾ ಎಷ್ಟೋ ಸಲ ಮುನಿಸಿಕೊಂಡಿದ್ದಳು.

ಈಗ ಆಕೆ ಅಪ್ಪನ ಪಕ್ಕದಲ್ಲಿ ಕೂತಳು.

“ಅಪ್ಪಾ, ನಿಂದು ಆರು ಹ್ಯಾಂಗಿರ್ತದ?”