ಸ್ಕೆಲ್‌ಗಾರ್ತ್ ಮನೆತನದ ಗಂಟೆ

ಜೂನ್ ತಿಂಗಳು. ನಮ್ಮ ಯಾರ್ಕ್‌ಷೈರ್ ಕಣಿವೆಯಲ್ಲಿ ಚರ್ಚಿನ ಗಂಟೆ ಬಾರಿಸುವವನೂ ಆದ ನಾನು ಕುರಿಗಳ ಉಣ್ಣೆ ಕತ್ತರಿಸುತ್ತಿದ್ದಾಗ ಟಾಸ್ಮೇನಿಯಾದಿಂದ ಡೆಸ್ಮಂಡ್ ಸ್ಕೆಲ್‌ಗಾರ್ತ್ ಬಂದ. ಗುಡ್ಡದ ಮೇಲಿನ ಸ್ಕೆಲ್‌ಗಾರ್ತ್ ಹಟ್ಟಿಯಿಂದಲೇ ಅವರ ಮನೆತನಕ್ಕೆ ಆ ಹೆಸರು. 1852ರಲ್ಲಿ ಅವನ ಹಿರೀಕ ಏಳು ಮಕ್ಕಳೊಂದಿಗೆ ಟಾಸ್ಮೇನಿಯಾದ ಹಡಗು ಹತ್ತಿದ್ದನಂತೆ. ಹೆಸರು ಹುಟ್ಟಿದ ಊರಲ್ಲಿ ತನಗೆ ಸಾವಿನ ಗಂಟೆ ಬಾರಿಸಬೇಕೆಂದು ಡೆಸ್ಮಂಡನ ಅಪ್ಪ ಸಾಯುವಾಗ ಕೇಳಿಕೊಂಡಿದ್ದ.

“ಈ ಕುರಿ ವಾಸ್ನೆ ಹೊತ್ಕೊಂಡೇ ಚರ್ಚಿಗೆ ಬರ್ತೀಯೇನಪ್ಪಾ?” ಎಂದ ಡೆಸ್ಮಂಡ್.

“ನಿಮ್ಮಜ್ಜಂದಿರ ಮೈವಾಸ್ನೆನೂ ಇದೇ ಕಣಯ್ಯಾ,” ಎಂದೆ.

ನಮ್ಮಲ್ಲಿ ಗಂಡಸಿಗೆ ಒಂಬತ್ತು ಪೆಟ್ಟು, ಹೆಂಗಸಿಗೆ ಆರು, ಮಗುವಿಗೆ ಮೂರು, ಆಮೇಲೆ ವಯಸ್ಸಿನಷ್ಟು. ಡೆಸ್ಮಂಡನ ಅಪ್ಪನಿಗೆ ಒಂಬತ್ತು ಬಾರಿಸಿ, ಅವನ ವಯಸ್ಸಿನ ಎಪ್ಪತ್ತೊಂದು ಎಣಿಸಿ, ಹಗ್ಗವನ್ನು ಗೂಟಕ್ಕೆ ಸುತ್ತಿದೆ. ಅಂಥ ಬಿಸಿಲಲ್ಲೂ ಹಗ್ಗ ತಣ್ಣಗೆ ಒದ್ದೆಯಾಗಿತ್ತು.

ಮೇಲೆ ಗಂಟೆ ಮತ್ತೆ ಹೊಡೆಯಿತು. ಮೂರು ಪೆಟ್ಟು. ಸ್ವಲ್ಪ ತಡೆದು ನಾಲ್ಕು. ಗೂಟದ ಹಗ್ಗ ಅಲುಗಲಿಲ್ಲ.

“ತಮಾಷೆ ಸಾಕು,” ಎಂದ ಡೆಸ್ಮಂಡನ ಬಾಯಿಂದ ಚಳಿಗಾಲದ ಹಬೆ ಬಂತು.

ಮೂರೆಂದರೆ ಮಗು, ನಾಲ್ಕು ಅದರ ವಯಸ್ಸು. ಚರ್ಚಿನ ಹಳೆಯ ದೀಕ್ಷಾಸ್ನಾನದ ಪುಸ್ತಕ ತೆರೆದೆ. ಸ್ಕೆಲ್‌ಗಾರ್ತ್ ಮಕ್ಕಳು ಏಳಲ್ಲ, ಎಂಟು. ಕೊನೆಯವಳು ಆಗ್ನೆಸ್, ಅವರು ಹಡಗು ಹತ್ತಿದ ವರ್ಷ ಅವಳಿಗೆ ನಾಲ್ಕು. ಹೂಳಿದವರ ಪುಸ್ತಕದಲ್ಲಿ ಎರಡು ಸಲ ಹುಡುಕಿದರೂ ಅವಳ ಹೆಸರಿಲ್ಲ.

“ಈ ಮಗೂಗೂ ಬಾರಿಸ್ಬಿಡು ಮಾರಾಯಾ. ಇದು ನಮ್ಮ ಮನೆ ಬಾಕಿ.”

“ಎಲ್ಲಿ ಮಣ್ಣಾದ್ಲು ಅಂತ ಗೊತ್ತಿಲ್ದೆ ಬಾರಿಸೋ ಹಾಗಿಲ್ಲಪ್ಪ.”

ವಾರವಿಡೀ ಹಟ್ಟಿಯ ಸುತ್ತ ಹುಡುಕಿ ಅವನು ಬರಿಗೈಯಲ್ಲಿ ಹೋದ. ಅಂದಿನಿಂದ ನಾನು ಯಾರಿಗೆ ಬಾರಿಸಿದರೂ, ಹಗ್ಗ ಕಟ್ಟಿದ ಮೇಲೆ ಮೂರು ಪೆಟ್ಟು, ತಡೆದು ನಾಲ್ಕು, ಹೆಚ್ಚಾಗಿ ಬೀಳುತ್ತವೆ.